ಊರಿಗೆಲ್ಲ ದಂಡವೆ?

ಕದರಮಂಡಲಗಿಯ ರೈತ ಮೆಣಸಿನಕಾಯಿ ಮಾರಿ ಬಂದ ಹಣದಲ್ಲಿ ಮಗನನ್ನು ಧಾರವಾಡಕ್ಕೆ ಓದಲು ಕಳಿಸುತ್ತಾನೆ. ವಸತಿಗೃಹದ ಠೇವಣಿಯನ್ನೂ ಅದರಲ್ಲೇ ಕಟ್ಟುತ್ತಾನೆ. ಒಡೆದ ಗಾಜು, ಮುರಿದ ಮಂಚದ ಬೆಲೆಯನ್ನು ಈ ಠೇವಣಿಯಿಂದ ಮುರಿದುಕೊಳ್ಳುವುದು ವಸತಿಗೃಹಗಳ ರೂಢಿ.

ಒಡೆದವನು ತೆರಲಿ. ಸಾರ್ವಜನಿಕ ಆಸ್ತಿ ಬಡವರ ಆಸ್ತಿ; ಅದನ್ನು ಕೆಡಿಸುವವನ ಪರ ನಾವು ವಕಾಲತ್ತು ವಹಿಸುವುದಿಲ್ಲ. ಆದರೆ ಒಡೆದವನು ಸಿಗಲಿಲ್ಲವೆಂದು ಎಲ್ಲರ ತಲೆಗೂ ದಂಡ ಹಂಚುವ ನಿಯಮವನ್ನು ನಾವು ಒಪ್ಪೆವು. 1942ರಲ್ಲಿ ಬ್ರಿಟಿಷ್ ಸರಕಾರ ಸಾಮೂಹಿಕ ದಂಡದ ಸುಗ್ರೀವಾಜ್ಞೆ ಹೊರಡಿಸಿತು. ತಂತಿ ಕಡಿದವರು ಯಾರೇ ಇರಲಿ, ದಂಡ ಊರಿಗೆಲ್ಲ! ನಮ್ಮ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರಲ್ಲಿ ಪ್ರಾಣ ಕೊಟ್ಟದ್ದು ಅಂಥ ಆಳ್ವಿಕೆಯ ವಿರುದ್ಧ. ಅದೇ ನೀತಿ ವಿದ್ಯಾಮಂದಿರದಲ್ಲಿ ಉಳಿಯುವುದು ನಾಚಿಕೆಗೇಡು.

ಕೋಣೆ ಕೊಡುವ ದಿನವೇ ಸಾಮಾನಿನ ಪಟ್ಟಿಗೆ ಇಬ್ಬರ ಸಹಿಯೂ ಬೀಳಲಿ. ಹಳತಾಗಿ ಸವೆದುದರ ಖರ್ಚು ಆಡಳಿತದ್ದೇ. ದಂಡ ಹಾಕುವ ಮೊದಲು ವಿದ್ಯಾರ್ಥಿ ಪ್ರತಿನಿಧಿಗಳಿರುವ ಸಮಿತಿ ವಿಚಾರಣೆ ಮಾಡಲಿ. ಉಳಿದ ಠೇವಣಿ ಲೆಕ್ಕದ ಚೀಟಿಯೊಡನೆ ತಿಂಗಳೊಳಗೆ ಮರಳಲಿ. ತಂದೆತಾಯಿಗಳೇ, ರಸೀದಿ ಕೇಳದೆ ಒಂದು ರೂಪಾಯಿಯನ್ನೂ ಬಿಡಬೇಡಿ.