ಬರುತ್ತದೆ, ಬರುತ್ತದಂತೆ, ಬಂದೀತು

ಈ ವರ್ಷ ನಮ್ಮ ಹತ್ತನೆಯ ತರಗತಿಯ ಹುಡುಗರಿಗೆ ಪದ್ಯದ ಭಾವಾರ್ಥಕ್ಕಿಂತ ಮೋಟಾರು ಕಾರುಗಳ ಮೇಲೆಯೇ ಹೆಚ್ಚು ಒಲವು. ಅದರಲ್ಲಿ ತಪ್ಪೇನೂ ಇಲ್ಲ. ಆ ವಯಸ್ಸಿಗೆ ಅದು ಸಹಜ. ಅವರ ಬಾಯಲ್ಲಿ ಸದಾ ಸುಳಿದಾಡುವ ಹೆಸರು ಅಮೆರಿಕದ ಟೆಸ್ಲಾ ಕಂಪನಿಯ ‘ರೋಡ್‌ಸ್ಟರ್’ ಎಂಬ ಸ್ಪೋರ್ಟ್ಸ್ ಕಾರಿನದು. “ಒಂದೇ ಸೆಕೆಂಡಿಗೆ ನೂರರ ಹತ್ತಿರ ವೇಗ ಹಿಡಿಯುತ್ತದೆ ಸಾರ್” ಎಂದು ಒಬ್ಬ. “ಹಾರುತ್ತದೆ ಕೂಡ ಸಾರ್” ಎಂದು ಮತ್ತೊಬ್ಬ. ಕಾರು ಹೇಗಾದರೂ ಇರಲಿ, ಕನ್ನಡ ಪಾಠ ಹೇಳುವ ನಮ್ಮ ಕಿವಿಗೆ ತಟ್ಟಿದ್ದು ಆ ಕ್ರಿಯಾಪದಗಳು. ತೋರಿಸಿ ಎಂಟು ವರ್ಷ ಕಳೆದರೂ ಒಬ್ಬ ಗಿರಾಕಿಯ ಮನೆಗೂ ಬಾರದ ವಸ್ತುವಿಗೆ ‘ಹಿಡಿಯುತ್ತದೆ’, ‘ಹಾರುತ್ತದೆ’ ಎಂಬ ನಿಶ್ಚಯದ ರೂಪ ಸಲ್ಲುವುದೆ? ಈ ಸಣ್ಣ ಪ್ರಶ್ನೆಯನ್ನು ಹಿಡಿದು ನಾಲ್ಕು ಮಾತು ಬರೆಯಬೇಕೆನಿಸಿತು.

ಮೊದಲು ಸಂಗತಿ ಏನೆಂದು ನೋಡೋಣ. ಟೆಸ್ಲಾ ಕಂಪನಿ 2008ರಲ್ಲಿ ರೋಡ್‌ಸ್ಟರ್ ಎಂಬ ತನ್ನ ಮೊದಲ ವಿದ್ಯುತ್ ಕಾರನ್ನು ಮಾರಾಟಕ್ಕೆ ತಂದಿತು. ಅದು ನಿಜವಾಗಿ ತಯಾರಾದ, ಜನ ಓಡಿಸಿದ ಕಾರು. ಅದೇ ಹೆಸರಿನ ಹೊಸ ಕಾರನ್ನು ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಅವರು 2017ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ವೇದಿಕೆಯ ಮೇಲೆ ತಂದು ನಿಲ್ಲಿಸಿದರು. 1.9 ಸೆಕೆಂಡಿನಲ್ಲಿ ಗಂಟೆಗೆ 60 ಮೈಲಿ ವೇಗ, ಗಂಟೆಗೆ 400 ಕಿಲೋಮೀಟರಿಗೂ ಮೀರಿದ ಗರಿಷ್ಠ ವೇಗ, ಒಮ್ಮೆ ಬ್ಯಾಟರಿ ತುಂಬಿದರೆ 1000 ಕಿಲೋಮೀಟರ್ ಓಟ, ಇಷ್ಟೂ ಅಂದಿನ ಘೋಷಣೆಗಳು. 2020ಕ್ಕೆ ಕಾರು ಸಿದ್ಧ ಎಂದರು. 2020 ಬಂತು, ಕಾರು ಬರಲಿಲ್ಲ. ಆಮೇಲೆ 2022 ಎಂದಾಯಿತು. ಬಿಡಿಭಾಗಗಳ ಕೊರತೆಯ ಮಾತು ಬಂದು 2021ರಲ್ಲಿ ಅದು 2023ಕ್ಕೆ ಜಾರಿತು. 2024ರ ಫೆಬ್ರವರಿಯಲ್ಲಿ, ವರ್ಷಾಂತ್ಯಕ್ಕೆ ತೋರಿಸಿ 2025ರಲ್ಲಿ ಕೊಡುವುದಾಗಿ ಹೇಳಿದರು. ಒಂದು ಸೆಕೆಂಡಿಗೂ ಕಡಿಮೆ ಎಂಬ ಮಾತು ಹೊರಟದ್ದು ಆಗಲೇ. 2025ರ ನವೆಂಬರಿನ ಷೇರುದಾರರ ಸಭೆಯಲ್ಲಿ ಮತ್ತೊಂದು ದಿನ ಗೊತ್ತುಮಾಡಿದರು: 2026ರ ಏಪ್ರಿಲ್ 1ರಂದು ಪ್ರದರ್ಶನ, ತಯಾರಿಕೆ ಅದಾದ ಒಂದು ಒಂದೂವರೆ ವರ್ಷಕ್ಕೆ. ಏಪ್ರಿಲ್ ಒಂದು ಮೂರ್ಖರ ದಿನವಾದ್ದರಿಂದ ತಮಾಷೆ ಎಂದು ನುಣುಚಿಕೊಳ್ಳಲೂ ಅವಕಾಶವಿದೆ ಎಂಬರ್ಥದಲ್ಲಿ ಅವರೇ ನಗೆಯಾಡಿದರಂತೆ! ಹಳೆಯ ರೋಡ್‌ಸ್ಟರ್ ಒಂದನ್ನು 2018ರಲ್ಲಿ ರಾಕೆಟ್ಟಿನಲ್ಲಿಟ್ಟು ಹಾರಿಸಿದ್ದಾರೆ. ಅದು ಸೂರ್ಯನನ್ನು ಸುತ್ತುತ್ತಿದೆ. ಹಳೆಯದು ಆಕಾಶ ಸೇರಿತು, ಹೊಸದು ರಸ್ತೆಗೆ ಇಳಿಯಲಿಲ್ಲ.

ಬರೀ ಮಾತಾಗಿದ್ದರೆ ನಾವೂ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಘೋಷಣೆಯ ದಿನವೇ ಮುಂಗಡವನ್ನೂ ಕರೆದಿದ್ದರು. ಸಾಮಾನ್ಯ ಮಾದರಿಗೆ 50,000 ಡಾಲರು. ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 32 ಲಕ್ಷ ರೂಪಾಯಿ. ಮೊದಲ 1000 ಕಾರುಗಳ ವಿಶೇಷ ಶ್ರೇಣಿಗಾದರೋ ಪೂರ್ತಿ ಬೆಲೆ 2,50,000 ಡಾಲರನ್ನೂ ಮುಂಚಿತವಾಗಿ ಕಟ್ಟಬೇಕು. ಆ ಸಾವಿರ ಭರ್ತಿಯಾದರೆ 25 ಕೋಟಿ ಡಾಲರು; ಲೆಕ್ಕದ ಮೇಷ್ಟರನ್ನು ಕೇಳಿದರೆ ಎಂಟು ವರ್ಷಕ್ಕೆ ಅದರ ಬಡ್ಡಿ ಎಷ್ಟೆಂದು ಹೇಳಿಯಾರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಹಳೆಯ ಗಾದೆ. ಇಲ್ಲಿ ಕುಲಾವಿಯ ಹಣವನ್ನು ನೆಂಟರಿಂದಲೇ ಪಡೆದಂತಾಯಿತು.

ನಮ್ಮ ಹುಟ್ಟೂರು ತೇನಿ ಜಿಲ್ಲೆಯ ಓಡೈಪಟ್ಟಿ, ದ್ರಾಕ್ಷಿ ಬೆಳೆಯುವ ಊರು. ಅಲ್ಲಿಯೂ ವ್ಯಾಪಾರಿ ತೋಟ ನೋಡಿ ಮುಂಗಡ ಕೊಡುತ್ತಾನೆ. ಕೊಟ್ಟ ಕೂಡಲೆ ಕೊಯ್ಲಿನ ವಾಯಿದೆ ಮಾತಾಗುತ್ತದೆ. ನಡುವೆ ಮಳೆ ಬಿದ್ದು ಗೊನೆ ಒಡೆದರೆ ಇಬ್ಬರೂ ಕುಳಿತು ಲೆಕ್ಕ ನೋಡಿಕೊಳ್ಳುತ್ತಾರೆ, ಜಗಳವೂ ಆಗುವುದುಂಟು. ಆದರೆ ಮುಂಗಡವನ್ನು ಎಂಟು ವರ್ಷ ಇಟ್ಟುಕೊಂಡು “ಮುಂದಿನ ಫಸಲು ಇನ್ನೂ ಸಿಹಿಯಾಗಿರುತ್ತದೆ, ಕಾಯಿರಿ” ಎನ್ನುವ ಬೆಳೆಗಾರನನ್ನು ನಾವು ಕಾಣೆವು.

ಇನ್ನು ವ್ಯಾಕರಣಕ್ಕೆ ಬರೋಣ. ಓಡೈಪಟ್ಟಿಯಲ್ಲಿ ನಮ್ಮ ಮನೆಮಾತು ಕನ್ನಡ, ಬೀದಿಯ ಮಾತು ತಮಿಳು. ಎರಡರಲ್ಲಿಯೂ ಅಕ್ಷರ ಕಲಿತವರು ನಾವು. ಈ ಎರಡು ಭಾಷೆಗಳಿಗೂ ಒಂದು ಅಮೂಲ್ಯವಾದ ಸಲಕರಣೆ ಇದೆ. ಕಂಡದ್ದನ್ನು ಹೇಳುವಾಗ ‘ಬರುತ್ತದೆ’ ಎನ್ನುತ್ತೇವೆ. ಕೇಳಿದ್ದನ್ನು ಹೇಳುವಾಗ ‘ಬರುತ್ತದಂತೆ’ ಎನ್ನುತ್ತೇವೆ. ತಮಿಳರು ‘ವರುಮಾಂ’ ಎನ್ನುತ್ತಾರೆ. ಬರಬಹುದೆಂದು ನಾವೇ ಊಹಿಸಿದಾಗ ‘ಬಂದೀತು’ ಎಂಬ ಸಂಭಾವನಾರೂಪ ಕನ್ನಡಕ್ಕಿದೆ. ಓದು ಬಾರದ ಅಜ್ಜಿಯೂ ಈ ಮೂರನ್ನು ಎಂದೂ ಬೆರೆಸುವುದಿಲ್ಲ. “ಪಕ್ಕದ ಮನೆಗೆ ಹೆಣ್ಣು ನೋಡಲು ಬರುತ್ತಾರಂತೆ” ಎಂದೇ ಆಕೆ ಹೇಳುವುದು. ತಾನು ಕಂಡದ್ದಲ್ಲ, ಕೇಳಿದ್ದು ಎಂಬ ಜವಾಬ್ದಾರಿ ಆ ಎರಡಕ್ಷರದಲ್ಲಿದೆ. ಓದು ಬಂದವರ ಕೈಗೆ ಸಿಕ್ಕಿದಾಗ ಮಾತ್ರ ಅದು ಉದುರಿಹೋಗುತ್ತದೆ. ಸುದ್ದಿಯ ಶೀರ್ಷಿಕೆಗೆ ಜಾಗ ಸಾಲದೆಂದು ‘ಅಂತೆ’ಯನ್ನು ಕತ್ತರಿಸುತ್ತಾರೆ. ಕತ್ತರಿಸಿದ್ದೇ ತಡ, ಗಾಳಿಮಾತು ಸಂಗತಿಯಾಗಿ ಬಿಡುತ್ತದೆ. ಅಂತೆ ಕಂತೆಗಳ ಸಂತೆ ಎಂದು ಗೇಲಿ ಮಾಡುವುದುಂಟು. ನಮ್ಮನ್ನು ಕೇಳಿದರೆ, ಅಂತೆ ಎಂದು ಬಾಯಿಬಿಟ್ಟು ಹೇಳುವ ಸಂತೆಯೇ ಮೇಲು.

ಕರ್ನಾಟಕದ ಅನುಭವವನ್ನೇ ತೆಗೆದುಕೊಳ್ಳಿ. 2021ರ ಜನವರಿಯಲ್ಲಿ ಟೆಸ್ಲಾ ತನ್ನ ಭಾರತೀಯ ಕಂಪನಿಯನ್ನು ಬೆಂಗಳೂರಿನಲ್ಲಿ ನೋಂದಾಯಿಸಿತು. ಇದು ಕಂಡ ಸಂಗತಿ. ಮರುತಿಂಗಳೇ, ಟೆಸ್ಲಾ ಕರ್ನಾಟಕದಲ್ಲಿ ಕಾರು ತಯಾರಿಕೆಯ ಘಟಕ ತೆರೆಯಲಿದೆ ಎಂದು ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಕಡೆಯಿಂದ ಹೇಳಿಕೆ ಹೊರಟಿತು. ನೋಂದಣಿಗೆ ಬೇಕಾದದ್ದು ಒಂದು ವಿಳಾಸ ಮತ್ತು ಕೆಲವು ಕಾಗದಗಳು. ಕಾರ್ಖಾನೆಗೆ ಬೇಕಾದದ್ದು ನೆಲ, ನೀರು, ವಿದ್ಯುತ್ತು, ಸಾವಿರಾರು ಕೈಗಳು. ಒಂದರಿಂದ ಇನ್ನೊಂದಕ್ಕೆ ನಾವು ಒಂದೇ ತಿಂಗಳಲ್ಲಿ ಹಾರಿದೆವು. 2024ರ ಏಪ್ರಿಲಿನಲ್ಲಿ ಮಸ್ಕ್ ಅವರು ಭಾರತಕ್ಕೆ ಬರುವುದಿತ್ತು. ಪ್ರವಾಸ ಮುಂದಕ್ಕೆ ಹೋಯಿತು, ಅದೇ ತಿಂಗಳು ಅವರು ಚೀನಕ್ಕೆ ಹೋಗಿಬಂದರು. ಕೊನೆಗೆ 2025ರ ಜೂನಿನಲ್ಲಿ, ಟೆಸ್ಲಾಕ್ಕೆ ಇಲ್ಲಿ ಕಾರು ತಯಾರಿಸುವ ಆಸಕ್ತಿಯಿಲ್ಲ, ಮಳಿಗೆ ತೆರೆಯುವುದಷ್ಟೇ ಉದ್ದೇಶ ಎಂದು ಸ್ಪಷ್ಟವಾಗಿ ಹೇಳಿದವರು ಕೇಂದ್ರದ ಭಾರೀ ಕೈಗಾರಿಕಾ ಸಚಿವ ಎಚ್. ಡಿ. ಕುಮಾರಸ್ವಾಮಿಯವರು. ಮರುತಿಂಗಳು ಮುಂಬಯಿಯಲ್ಲಿ ಮಳಿಗೆ ತೆರೆಯಿತು. ಹೊರದೇಶದಿಂದ ತಂದ ಕಾರು, ಬೆಲೆ ಸುಮಾರು 60 ಲಕ್ಷ. ಸಾವಿರ ಡಾಲರು ಮುಂಗಡ ಕೊಟ್ಟು 2016ರಿಂದ ಇನ್ನೊಂದು ಮಾದರಿಗಾಗಿ ಕಾದಿದ್ದ ಭಾರತೀಯರಿಗೆ ಅದೇ ವರ್ಷ ಹಣ ಹಿಂದಿರುಗಿಸುವ ಪತ್ರ ಬಂದಿತು.

ಕೋಟ್ಯಧೀಶರ ಕಾರು ತಡವಾದರೆ ನಮಗೇನು ನಷ್ಟ ಎಂದು ಕೇಳುವವರಿದ್ದಾರೆ. ಕಾರಿನಿಂದ ನಷ್ಟವಿಲ್ಲ. ಆದರೆ ಕಾರ್ಖಾನೆ ಬರುತ್ತದೆ ಎಂಬ ಮಾತನ್ನು ಬರಿಯ ಶ್ರೀಮಂತರು ಕೇಳುವುದಿಲ್ಲ. ಹತ್ತನೆಯ ತರಗತಿ ಮುಗಿಸಿದ ಹುಡುಗ ಅದನ್ನು ನಂಬಿ ಐ.ಟಿ.ಐ.ಯಲ್ಲಿ ಯಾವ ವೃತ್ತಿ ಆರಿಸಿಕೊಳ್ಳಲಿ ಎಂದು ಯೋಚಿಸುತ್ತಾನೆ. ಅವನ ತಂದೆ ಇರುವ ಒಂದೆಕರೆಯನ್ನು ಮಾರಲೋ ಬಿಡಲೋ ಎಂದು ತೂಗುತ್ತಾನೆ. ಇಂಥವರಿಗೆ ಮುಂಗಡ ಹಿಂದಿರುಗಿಸುವ ಪತ್ರ ಬರುವುದಿಲ್ಲ.

ಹೊರದೇಶದವರನ್ನಷ್ಟೇ ದೂರುವುದು ನ್ಯಾಯವಲ್ಲ. ನಮ್ಮ ಬೆಂಗಳೂರಿನಲ್ಲೇ ಚೇತನ್ ಮೈನಿಯವರ ರೇವಾ ಕಂಪನಿ 2001ರಲ್ಲಿ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಟೆಸ್ಲಾ ಕಂಪನಿ ಹುಟ್ಟಿದ್ದೇ 2003ರಲ್ಲಿ ಎಂಬುದನ್ನು ನೆನೆದರೆ ಹೆಮ್ಮೆ ಎನಿಸುತ್ತದೆ. ಇದೇ ರೇವಾ 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಎರಡು ಹೊಸ ಮಾದರಿ ಇಟ್ಟಿತು. ಒಂದು ಸಾಧಾರಣ ಕುಟುಂಬಕ್ಕೆ. ಇನ್ನೊಂದು ದಿಲೀಪ್ ಛಾಬ್ರಿಯಾ ವಿನ್ಯಾಸದ, ಎರಡೇ ಆಸನದ ಚೆಲುವಾದ ಎನ್‌ಎಕ್ಸ್‌ಜಿ. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರದವರ ಕೈಸೇರಿತು. ಕುಟುಂಬದ ಕಾರು ತಡವಾಗಿಯಾದರೂ 2013ರಲ್ಲಿ ಇ2ಒ ಎಂಬ ಹೆಸರಿನಲ್ಲಿ ಬಂತು. ಚೆಲುವೆ ಮಾತ್ರ ಪ್ರದರ್ಶನದ ವೇದಿಕೆಯಿಂದ ಇಳಿಯಲೇ ಇಲ್ಲ. ಪ್ರದರ್ಶನಕ್ಕೆ ಒಂದೇ ಒಂದು ಕಾರು ಕಟ್ಟಿದರೆ ಸಾಕು. ಮಾರಾಟಕ್ಕಾದರೆ ಒಂದೇ ಅಚ್ಚಿನ ಸಾವಿರ ಕಟ್ಟಬೇಕು, ಸುರಕ್ಷತೆಯ ಪರೀಕ್ಷೆಗೆ ಕೆಲವನ್ನು ಗೋಡೆಗೆ ಗುದ್ದಿಸಬೇಕು, ಬ್ಯಾಟರಿ ಒದಗಿಸಬೇಕು, ಕೆಟ್ಟರೆ ರಿಪೇರಿಗೆ ಜನ ಬೇಕು. ಓಟದ ಕಾರು ಕೊಳ್ಳುವವರು ಕೆಲವರೇ ಆದ್ದರಿಂದ, ಹಣ ಬಿಗಿಯಾದಾಗ ಮೊದಲು ಮೂಲೆಗೆ ಸರಿಯುವುದೂ ಅದೇ.

ಆದ್ದರಿಂದ ತಡವಾಯಿತೆಂಬುದೇ ಅಪರಾಧವೆಂದು ನಾವು ಹೇಳುವುದಿಲ್ಲ. ತಡವೆಂದರೇನೆಂದು ತೇನಿ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಧುರೈಯಿಂದ ತೇನಿಯ ಮೇಲೆ ಬೋಡಿಗೆ ಹೋಗುತ್ತಿದ್ದ ಮೀಟರ್ ಗೇಜ್ ರೈಲನ್ನು ಅಗಲ ಹಳಿಗಾಗಿ 2010ರ ಕೊನೆಗೆ ನಿಲ್ಲಿಸಿದರು. ತೇನಿಗೆ ಮತ್ತೆ ರೈಲು ಬಂದದ್ದು 2022ರ ಮೇ ತಿಂಗಳಲ್ಲಿ, ಬೋಡಿಗೆ 2023ರ ಜೂನಿನಲ್ಲಿ. ಸುಮಾರು 90 ಕಿಲೋಮೀಟರಿಗೆ ಹನ್ನೆರಡು ವರ್ಷ! ಬೈದವರಿಗೆ ಲೆಕ್ಕವಿಲ್ಲ. ಆದರೂ ಟಿಕೆಟ್ಟಿನ ಹಣವನ್ನು ಯಾರೂ ಮೊದಲೇ ಪಡೆದಿರಲಿಲ್ಲ. ಮಣ್ಣು ಬಿದ್ದದ್ದು, ಸೇತುವೆ ಎದ್ದದ್ದು, ಕಂಬಿ ಬಂದದ್ದು ದಾರಿಹೋಕನ ಕಣ್ಣಿಗೂ ಕಾಣುತ್ತಿತ್ತು. ತಡವನ್ನು ಅಳೆಯಲು ಒಂದು ಗುರುತಾದರೂ ಇತ್ತು.

ವಿದ್ಯಾರ್ಥಿಗಳಿಗೆ ನಾವು ಈ ವರ್ಷ ಒಂದು ಕೆಲಸ ಒಪ್ಪಿಸಿದ್ದೇವೆ. ಗೋಡೆ ಪತ್ರಿಕೆಯ ಪಕ್ಕದಲ್ಲಿ ದಾರಕಟ್ಟಿ ಒಂದು ನೋಟುಬುಕ್ಕು ತೂಗುಹಾಕಿದ್ದೇವೆ; ಹೆಸರು ‘ವಾಯಿದೆ ಪುಸ್ತಕ’. ಹೇಳಿದವರು ಯಾರು, ಹೇಳಿದ ದಿನ ಯಾವುದು, ಕೊಡುವುದಾಗಿ ಒಪ್ಪಿದ ದಿನ ಯಾವುದು, ಕೊಟ್ಟ ದಿನ ಯಾವುದು, ಹೀಗೆ ನಾಲ್ಕು ಮನೆ. ನಾಲ್ಕನೆಯ ಮನೆ ತುಂಬುವವರೆಗೆ ವಾಕ್ಯಕ್ಕೆ ‘ಅಂತೆ’ ಇರಲೇಬೇಕು. ಪ್ರಾರ್ಥನೆಯ ಹೊತ್ತಿಗೆ ವಾರ್ತೆ ಓದುವವರಿಗೂ ಇದೇ ನಿಯಮ. ರೋಡ್‌ಸ್ಟರ್ ಪುಟವನ್ನು ಹುಡುಗರು ಮೊದಲ ದಿನವೇ ತುಂಬಿದರು. ಮೂರನೆಯ ಮನೆಯಲ್ಲಿ ಹೊಡೆದುಹಾಕಿ ಹೊಡೆದುಹಾಕಿ ಜಾಗವೇ ಸಾಲದೆ ಬೇರೆ ಹಾಳೆ ಅಂಟಿಸಿದ್ದಾರೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಾರಿನ ಗೊಡವೆಗೆ ಹೋಗದೆ, ದಿಂಡಿಗಲ್ಲಿನಿಂದ ಕಂಬಂ ಮಾರ್ಗವಾಗಿ ಲೋಯರ್ ಕ್ಯಾಂಪಿಗೆ ಬರಬೇಕೆಂದು ಕೇಳುತ್ತಲೇ ಬಂದಿರುವ ರೈಲುಮಾರ್ಗಕ್ಕೆ ಒಂದು ಪುಟ ತೆರೆದಿದ್ದಾಳೆ. ಹೇಳಿದವರ ಮನೆಗೆ ಎಷ್ಟು ಗೆರೆ ಬಿಡಬೇಕೆಂದು ನಮ್ಮನ್ನು ಕೇಳಿದಳು. ಇಡೀ ಪುಟ ಬಿಡಲು ಹೇಳಿದ್ದೇವೆ.