ತಟ್ಟೆಯಲ್ಲಿ ಅಹಿಂಸೆ, ಕಾಲಡಿಯಲ್ಲಿ ಹವಳ

ನಮ್ಮೂರ ಬಸದಿಯ ಸೂಚನಾಫಲಕದಲ್ಲಿ, ಅಭಿಷೇಕದ ವೇಳಾಪಟ್ಟಿಯ ಪಕ್ಕದಲ್ಲಿಯೇ, ಇತ್ತೀಚೆಗೆ ಯಾರೋ ಒಂದು ಬಣ್ಣದ ಕರಪತ್ರವನ್ನು ಅಂಟಿಸಿದ್ದರು. ಕೆರಿಬಿಯನ್ ಸಮುದ್ರದಲ್ಲಿ ಏಳು ದಿನಗಳ ಹಡಗಿನ ಪ್ರವಾಸ; ಸಂಪೂರ್ಣ ಜೈನ ಆಹಾರ; ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸುಗಳ ಸೋಂಕಿಲ್ಲ; ಸೂರ್ಯಾಸ್ತಕ್ಕೆ ಮುನ್ನ ಭೋಜನ. ಇಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ. ಆದರೆ ಗ್ರ್ಯಾಂಡ್ ಕೇಮನ್ ದ್ವೀಪದ ದಿನದ ಕಾರ್ಯಕ್ರಮವೆಂದು ಅದರಲ್ಲೊಂದು ಸಾಲಿತ್ತು: ಅರ್ಧದಿನದ ಕ್ಯಾಟಮರಾನ್ ಪಾರ್ಟಿ, ಸ್ನಾರ್ಕ್ಲಿಂಗ್, ತೊರಕೆ ಮೀನುಗಳಿಗೆ ಕೈಯಾರೆ ಆಹಾರ ನೀಡುವ ಅಪೂರ್ವ ಅವಕಾಶ. ಆ ಸಾಲನ್ನು ಓದಿ ನಾನು ಅಲ್ಲಿಯೇ ನಿಂತುಬಿಟ್ಟೆ. ಏಕೆಂದರೆ ಅಂಥದೊಂದು ದೋಣಿಯಲ್ಲಿ ಹೋಗಿ ಬಂದವನು ನಾನು. ಹೋಗಬಾರದಿತ್ತೆಂದು ತಿಳಿದದ್ದು ಬಂದ ಮೇಲೆ.

2024ರ ಜನವರಿಯಲ್ಲಿ ಫ್ಲೋರಿಡಾದಲ್ಲಿ ನೆಲೆಸಿರುವ ಮಗ ನಮ್ಮಿಬ್ಬರನ್ನು ಕರೆಸಿಕೊಂಡು, ತನ್ನ ಸಂಸಾರದೊಡನೆ ಅಂಥ ಒಂದು ಹಡಗಿನ ಪ್ರವಾಸಕ್ಕೆ ಕರೆದೊಯ್ದ. ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗುಗಳು ನಿಲ್ಲುವ ಧಕ್ಕೆಯಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ದೋಣಿಗಳು ಜನರನ್ನು ಜಾರ್ಜ್‌ಟೌನ್ ದಡಕ್ಕೆ ತಲುಪಿಸುತ್ತವೆ. ಅಲ್ಲಿಂದ ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದು ಕ್ಯಾಟಮರಾನ್ ಹತ್ತಿಸಿದರು. ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದು. ಬೆಸ್ತರು ಹೊಟ್ಟೆಪಾಡಿಗಾಗಿ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟಿಕೊಂಡ ಬಡ ಸಾಧನ ಅದು. ಈಗ ಆ ಹೆಸರನ್ನು ಹೊತ್ತಿರುವುದು ಎರಡು ಒಡಲುಗಳ ಮೇಲೆ ಅಗಲವಾದ ಅಟ್ಟ ಹಾಸಿದ ಬಿಳಿಯ ನಾವೆ. ಹಾಯಿಯೂ ಇತ್ತು. ಹೋಗುವಾಗ ಎಂಜಿನ್ನೇ ನಡೆಸಿತು. ಬರುವಾಗ, ಛಾಯಾಚಿತ್ರಗಳಿಗಾಗಿ ಇರಬೇಕು, ಹಾಯಿ ಬಿಚ್ಚಿದರು. ಅರುವತ್ತು ಜನ, ಕಿವಿಗಡಚಿಕ್ಕುವ ಸಂಗೀತ, ಒಂದು ಮದ್ಯದ ಕಟ್ಟೆ, ನಾಲ್ಕು ಗಂಟೆಗಳ ಕಾಲಾವಕಾಶ.

ಮೊದಲ ನಿಲುಗಡೆ ದ್ವೀಪದ ಉತ್ತರದ ಕೊಲ್ಲಿಯಲ್ಲಿರುವ ಮರಳ ದಿಬ್ಬ. ಸುತ್ತಲೂ ಸಮುದ್ರವಿದ್ದರೂ ಅಲ್ಲಿ ನೀರು ಸೊಂಟದ ಮಟ್ಟ ಮಾತ್ರ. ಎಂಜಿನ್ನಿನ ಸದ್ದಿಗೇ ತೊರಕೆಗಳು ಹತ್ತಾರು ಸಂಖ್ಯೆಯಲ್ಲಿ ನೆರಳುಗಳಂತೆ ಸರಿದು ಬಂದವು. ನಾವಿಕನೊಬ್ಬ ಬಕೆಟ್ಟಿನಿಂದ ಬಿಳಿಯ ತುಂಡುಗಳನ್ನು ಎಲ್ಲರಿಗೂ ಹಂಚುತ್ತ ಬಂದು, ಎಂಟು ವರ್ಷದ ನನ್ನ ಮೊಮ್ಮಗಳ ಅಂಗೈಯಲ್ಲಿಯೂ ಒಂದನ್ನಿಟ್ಟ. "ಅಜ್ಜಾ, ಇದು ಏನು?" ಎಂದಳು. ಅದು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಯ ತುಂಡು. ಹಿಂದಿನ ರಾತ್ರಿ ಹಡಗಿನ ಅಡುಗೆಯವನನ್ನು, ಸಾರಿನಲ್ಲಿ ಮೂಳೆಯ ರಸ ಬೆರೆತಿಲ್ಲವಷ್ಟೆ ಎಂದು ಮೂರು ಬಾರಿ ವಿಚಾರಿಸಿ ಉಂಡ ಮನೆತನ ನಮ್ಮದು. ಅದೇ ಮನೆಯ ಮಗುವಿನ ಕೈಯಲ್ಲಿ ಬೆಳಗಾಗುವಷ್ಟರಲ್ಲಿ ಕೊಂದ ಪ್ರಾಣಿಯ ಮಾಂಸ! ನಾನು ಬಾಯಿ ತೆರೆಯುವ ಮೊದಲೇ ಮಗ ಹೇಳಿದ, "ನಾವು ತಿನ್ನುವುದಿಲ್ಲವಲ್ಲ ಅಪ್ಪಾಜಿ. ಮೀನಿಗೆ ಉಣಿಸುವುದು ಜೀವದಯೆಯೇ ಅಲ್ಲವೇ?" ನಾನು ಸುಮ್ಮನಾದೆ. ಮಗು ಆ ತುಂಡನ್ನು ನೀರಿಗೆ ಹಿಡಿಯಿತು. ನನ್ನ ಆ ಮೌನವೇ ಈ ಲೇಖನಕ್ಕೆ ಕಾರಣ.

ಜೀವದಯೆಯೇ ಅದು? ಬೆಸ್ತರು ಆ ಶಾಂತವಾದ ನೀರಿನಲ್ಲಿ ಮೀನು ಶುಚಿಮಾಡಿ ಕರುಳುಗಳನ್ನು ಎಸೆಯುತ್ತಿದ್ದಾಗ ತೊರಕೆಗಳು ಅಲ್ಲಿಗೆ ಬರುವುದನ್ನು ಕಲಿತವು. 1980ರ ದಶಕದಲ್ಲಿ ಮುಳುಗುಗಾರರು ಕೈಯಿಂದ ಉಣಿಸತೊಡಗಿದರು. ಅಲ್ಲಿಂದೀಚೆಗೆ ಅದೇ ಒಂದು ವ್ಯಾಪಾರವಾಯಿತು. ತೊರಕೆ ಸ್ವಭಾವತಃ ನಿಶಾಚರಿ. ರಾತ್ರಿ ವಿಸ್ತಾರವಾದ ಪ್ರದೇಶದಲ್ಲಿ ಒಂಟಿಯಾಗಿ ಅಲೆದು ಆಹಾರ ಹುಡುಕುವಂಥದು. ಮನುಷ್ಯರು ಉಣಿಸುವ ತೊರಕೆಗಳು ಹಗಲಿನಲ್ಲಿ ಎಚ್ಚರವಾಗಿದ್ದು, ಇಕ್ಕಟ್ಟಾದ ಜಾಗದಲ್ಲಿ ಗುಂಪಾಗಿಯೇ ಕಾಲ ಕಳೆಯುತ್ತವೆ. ಅವುಗಳ ರಕ್ತ ದುರ್ಬಲವಾಗಿರುತ್ತದೆ, ಮೈಮೇಲೆ ಪರೋಪಜೀವಿಗಳೂ ದೋಣಿ ತಾಗಿದ ಗಾಯಗಳೂ ಹೆಚ್ಚು ಕಾಣುತ್ತವೆ. 2009 ಮತ್ತು 2013ರಲ್ಲಿ ಪ್ರಕಟವಾದ ಅಧ್ಯಯನಗಳು ಇದನ್ನು ಅಲ್ಲಿಯೇ ಪರೀಕ್ಷಿಸಿ ದಾಖಲಿಸಿವೆ. ಸ್ವತಂತ್ರವಾಗಿದ್ದ ಜೀವಿಯನ್ನು ಬಾಗಿಲಲ್ಲಿ ಕಾಯುವ ಭಿಕ್ಷುಕನನ್ನಾಗಿ ಮಾಡಿ, ಆಮೇಲೆ ಭಿಕ್ಷೆ ನೀಡಿದ ಪುಣ್ಯವನ್ನು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವುದು ಯಾವ ನ್ಯಾಯ? ಆ ಭಿಕ್ಷೆಯಾದರೂ ಎಂಥದು? ಮತ್ತೊಂದು ಜೀವದ ಹೆಣ. ತೊರಕೆಯನ್ನು ನೀರಿನಿಂದ ಮೇಲೆತ್ತಬಾರದೆಂದು ದ್ವೀಪದ ಕಾನೂನಿದೆ. ತಬ್ಬಿಕೊಂಡು, ಮುತ್ತಿಟ್ಟು ಚಿತ್ರ ತೆಗೆಸಿಕೊಳ್ಳುವುದಕ್ಕೆ ಆ ಕಾನೂನು ಅಡ್ಡಿ ಬಂದದ್ದನ್ನು ನಾನು ಕಾಣಲಿಲ್ಲ.

ಎರಡನೆಯ ನಿಲುಗಡೆ ಹವಳದ ದಿಬ್ಬ. ಮೂಗು ಮುಚ್ಚುವ ಕನ್ನಡಕ, ಬಾಯಲ್ಲಿ ಕಚ್ಚುವ ಉಸಿರುಕೊಳವೆ, ಕಾಲಿಗೆ ಬಾತುಕೋಳಿಯ ಪಾದದಂತಹ ರಬ್ಬರಿನ ರೆಕ್ಕೆ. ಅರುವತ್ತು ದಾಟಿದ ನಾನೂ ಅವುಗಳನ್ನು ತೊಟ್ಟು ಇಳಿದೆ. (ಜೀವಮಾನವೆಲ್ಲ ಸೋಸಿದ ನೀರನ್ನೇ ಕುಡಿದವನು ಮೊದಲ ನಿಮಿಷದಲ್ಲಿಯೇ ಒಂದು ಬೊಗಸೆ ಕಡಲನ್ನು ನುಂಗಿದೆನೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.) ಕೆಳಗಿನ ದೃಶ್ಯ ಸುಂದರವಾಗಿತ್ತು, ಇಲ್ಲವೆನ್ನುವುದು ಅಸತ್ಯ. ಆದರೆ ಈಜು ಬಾರದವರು, ದಣಿದವರು, ಕನ್ನಡಕದಲ್ಲಿ ನೀರು ತುಂಬಿದವರು ಏನು ಮಾಡುತ್ತಾರೆ? ನಿಲ್ಲಲು ಗಟ್ಟಿಯಾದುದನ್ನು ಹುಡುಕುತ್ತಾರೆ. ಗಟ್ಟಿಯಾಗಿರುವುದು ಹವಳ. ಅದರ ಮೇಲೆ ಕಾಲಿಟ್ಟು ನಿಂತವರನ್ನು ನಾನು ಎಣಿಸತೊಡಗಿ, ಹನ್ನೊಂದಕ್ಕೆ ಬಂದು ಬಿಟ್ಟುಬಿಟ್ಟೆ. ಹನ್ನೊಂದನೆಯವನು ನಾನೇ.

ಹವಳವು ಕಲ್ಲಲ್ಲ ಎಂಬುದನ್ನು ಜೈನರಿಗೆ ಹೇಳಬೇಕಾಗಿ ಬಂದದ್ದೇ ವಿಷಾದದ ಸಂಗತಿ. ವಟ್ಟಕೇರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಮೂಲಾಚಾರವು ಪೃಥ್ವೀಕಾಯ ಜೀವಗಳನ್ನು ಎಣಿಸುವಾಗ ಮರಳು, ಉಪ್ಪು, ಚಿನ್ನ, ವಜ್ರಗಳೊಡನೆ ಪ್ರವಾಳವನ್ನೂ ಹೇಳುತ್ತದೆ. ಯುರೋಪಿನಲ್ಲಿ ಅದನ್ನು ಬಹುಕಾಲ ಸಸ್ಯವೆಂದೇ ನಂಬಿದ್ದರು. ಹದಿನೆಂಟನೆಯ ಶತಮಾನದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯ ಅದು ಪ್ರಾಣಿಯೆಂದು ಹೇಳಿದಾಗ ಪ್ಯಾರಿಸಿನ ಪಂಡಿತರು ನಂಬಲಿಲ್ಲ. ಆತ ಮುಂದೆ ಇದೇ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ವೈದ್ಯನಾಗಿದ್ದ. ಇಂದಿನ ವಿಜ್ಞಾನದ ಪ್ರಕಾರ ದಿಬ್ಬ ಕಟ್ಟುವ ಹವಳವೆಂದರೆ ಲಕ್ಷಾಂತರ ಪುಟ್ಟ ಪ್ರಾಣಿಗಳ ಒಂದು ಊರು. ಪ್ರತಿಯೊಂದಕ್ಕೂ ಬಾಯಿ, ಅದರ ಸುತ್ತ ಎಳೆಗಳು. ಒಡಲೊಳಗೆ ಆಶ್ರಯ ಪಡೆದ ಸೂಕ್ಷ್ಮ ಪಾಚಿ ಬಿಸಿಲಿನಿಂದ ಅನ್ನ ತಯಾರಿಸಿ ಕೊಡುತ್ತದೆ. ಆಗಮದ ಎಣಿಕೆಗೂ ವಿಜ್ಞಾನದ ಎಣಿಕೆಗೂ ಇಂದ್ರಿಯಗಳ ಲೆಕ್ಕದಲ್ಲಿ ವ್ಯತ್ಯಾಸವಿದೆ. ಆ ಚರ್ಚೆ ಬೇರೆಯವರಿಗಿರಲಿ. ಎರಡು ಲೆಕ್ಕದಲ್ಲಿಯೂ ಅದು ಜೀವ. ಗುಂಡುಹವಳ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನನ್ನ ಹಿಮ್ಮಡಿಯಷ್ಟು ಅಗಲದ ತುಣುಕು ಬೆಳೆಯಲು ವರ್ಷಗಳೇ ಬೇಕು.

"ಅದು ಹೇಗೂ ಸಾಯುತ್ತಿದೆ, ನಮ್ಮ ಹತ್ತು ಪಾದಗಳಿಂದ ಏನಾದೀತು?" ಎಂದು ವಾದಿಸುವವರುಂಟು. ಸಾಯುತ್ತಿರುವುದು ನಿಜ. 1983ರಲ್ಲಿ ಪನಾಮಾದ ಬಳಿ ಆರಂಭವಾದ ರೋಗವೊಂದು, ಹವಳದ ಮೇಲಿನ ಪಾಚಿಯನ್ನು ಮೇಯ್ದು ಶುಚಿಯಾಗಿಡುತ್ತಿದ್ದ ಡಯಾಡೆಮಾ ಎಂಬ ಕಪ್ಪು ಮುಳ್ಳಿನ ಜೀವಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಸುಮಾರು ಒಂದು ವರ್ಷದಲ್ಲಿ ಇಡೀ ಕೆರಿಬಿಯನ್ನಿನಿಂದ ಅಳಿಸಿಹಾಕಿತು. 2014ರಲ್ಲಿ ಮಯಾಮಿಯ ಬಳಿ ಕಂಡ, ಹವಳದ ಮಾಂಸವನ್ನೇ ಕರಗಿಸುವ ಮತ್ತೊಂದು ರೋಗ 2020ರಲ್ಲಿ ಗ್ರ್ಯಾಂಡ್ ಕೇಮನ್ ತಲುಪಿತು. 2023ರ ಬೇಸಗೆಯಲ್ಲಿ ನೀರು ಮಿತಿಮೀರಿ ಕಾದು, ಹವಳಗಳು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿದವು. ನಾನು ಕಂಡ ಕೆಲವು ಸುಣ್ಣ ಬಳಿದಂತಿದ್ದವು. ಮೈಗೆ ಹಚ್ಚುವ ಬಿಸಿಲು ತಡೆಯುವ ಲೇಪನದ ಕೆಲವು ರಾಸಾಯನಿಕಗಳೂ ಹವಳಕ್ಕೆ ಹಾನಿಕರವೆಂಬ ಕಾರಣದಿಂದ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ 2020ರಲ್ಲಿ ಅವುಗಳ ನಿಷೇಧ ಜಾರಿಗೆ ಬಂತು. ಎಷ್ಟು ಹಾನಿ ಎಂಬುದರಲ್ಲಿ ವಿಜ್ಞಾನಿಗಳಿಗೆ ಇನ್ನೂ ಭಿನ್ನಾಭಿಪ್ರಾಯವಿದೆ. ಆದರೆ ಮನೆಯಲ್ಲಿ ವಿಷಮಜ್ವರದಿಂದ ಮಲಗಿದವರಿದ್ದರೆ, "ಹೇಗೂ ಸಾಯುವವರು" ಎಂದು ಅವರ ಎದೆಯ ಮೇಲೆ ನಿಂತು ಗೋಡೆಯ ಮೇಲಿನ ಚಿತ್ರ ನೋಡುತ್ತೇವೆಯೇ?

ಮೂರನೆಯ ನಿಲುಗಡೆಯನ್ನು ಬೇಗ ಮುಗಿಸುತ್ತೇನೆ. ಮೊಣಕಾಲುದ್ದದ ನೀರು, ತಳದಲ್ಲಿ ಕೆಂಪು ನಕ್ಷತ್ರಮೀನುಗಳು. ನೀರಿನಿಂದ ಹೊರಗೆ ತೆಗೆಯಬೇಡಿರೆಂದು ನಾವಿಕನೇ ಹೇಳಿದ್ದ. ಗಾಳಿಯಲ್ಲಿ ಅದು ಉಸಿರಾಡಲಾರದು. ಹೇಳಿ ಮುಗಿಸುವಷ್ಟರಲ್ಲಿ ನಾಲ್ಕೈದು ಕೈಗಳು ಮೇಲೆದ್ದವು, ಕ್ಯಾಮೆರಾಗಳೂ ಮೇಲೆದ್ದವು.

ಮರಳುವಾಗ ರಮ್ ಬೆರೆಸಿದ ಪಾನಕ ಹರಿಯಿತು. ನಾವು ಅನಾನಸಿನ ರಸ ಕುಡಿದೆವು. ನಮ್ಮ ಗ್ಲಾಸನ್ನು ಬೇರೆಯಾಗಿ ತೊಳೆಸಿಕೊಂಡೆವು. ಸುತ್ತಲಿನವರು ಕುಣಿಯುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಒಂದು ಬಗೆಯ ನೆಮ್ಮದಿಯಿತ್ತು: ನಾವು ಇವರಂತಲ್ಲ. ಆ ಉಡುಪು, ಆ ಕುಣಿತಗಳ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ, ಅದು ಅವರವರ ಸಂಸ್ಕಾರ. ನಾನು ಬರೆಯುತ್ತಿರುವುದು ನನ್ನ ಆ ನೆಮ್ಮದಿಯ ವಿರುದ್ಧ. ಅನಾನಸಿನ ರಸ ಕುಡಿದ ನನ್ನ ಪಾದಕ್ಕೂ ರಮ್ ಕುಡಿದವನ ಪಾದಕ್ಕೂ ಹವಳಕ್ಕೆ ಭೇದ ತಿಳಿಯಿತೇ? 1503ರಲ್ಲಿ ಕೊಲಂಬಸನು ಈ ದ್ವೀಪಸಮೂಹವನ್ನು ಕಂಡಾಗ ನೀರೆಲ್ಲ ಆಮೆಗಳಿಂದ ತುಂಬಿತ್ತೆಂದು, ಆಮೆಗಳ ದ್ವೀಪಗಳೆಂದೇ ಅದಕ್ಕೆ ಹೆಸರಾಯಿತು. ಮುಂದಿನ ಮುನ್ನೂರು ವರ್ಷಗಳಲ್ಲಿ ಹಡಗುಗಳವರು ಆಮೆಗಳನ್ನು ಜೀವಂತವಾಗಿಯೇ ಆಹಾರಕ್ಕೆಂದು ಒಯ್ದು, ಅಲ್ಲಿ ಮೊಟ್ಟೆಯಿಡುವ ಆಮೆಗಳು ಹೆಚ್ಚುಕಡಿಮೆ ಇಲ್ಲದಂತಾದವು. ಅವರು ಹಸಿವಿಗಾಗಿ ಕೊಂದರು. ನಾವು ಮಧ್ಯಾಹ್ನ ಕಳೆಯುವುದಕ್ಕಾಗಿ.

ಇಲ್ಲಿಯೇ ಶ್ರಾವಕಾಚಾರದ ಮಾತು ಬರುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿ, ಪ್ರಮಾದಚರ್ಯೆಯಡಿಯಲ್ಲಿ ನಿಷ್ಪ್ರಯೋಜನವಾಗಿ ನೆಲ, ನೀರು, ಗಿಡಮರಗಳನ್ನು ಪೀಡಿಸುವುದರೊಡನೆ ಕಾರಣವಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಕರಪತ್ರ ಅಚ್ಚು ಹಾಕಿಸಿದವರು ಈ ಕೊನೆಯ ಮಾತನ್ನು ಗಮನಿಸಬೇಕು. ತಾನು ಮಾಡುವುದು, ಮಾಡಿಸುವುದು, ಮಾಡಿದವರಿಗೆ ಒಪ್ಪಿಗೆ ಸೂಚಿಸುವುದು, ಈ ಮೂರೂ ಒಂದೇ ಖಾತೆಗೆ ಬೀಳುತ್ತವೆಂದು ಪಾಠಶಾಲೆಯ ಮಕ್ಕಳೂ ಹೇಳುತ್ತಾರೆ. ಬೊಂಡಾಸನ್ನು ಹಿಡಿದವನು ನಾನಲ್ಲ. ಆದರೆ ಟಿಕೆಟ್ಟಿನ ಹಣ ಕೊಟ್ಟವರು ನಾವು. ನಾನು ವಾಣಿಜ್ಯ ಓದಿದವನು, ಜಮಾಖರ್ಚಿನ ಭಾಷೆಯೇ ನನಗೆ ಸಲೀಸು. ತಲೆಗೆ ತೊಂಬತ್ತು ಡಾಲರ್ ಖರ್ಚು ಬರೆದೆವು. ತೊರಕೆಯ, ಹವಳದ, ನಕ್ಷತ್ರಮೀನಿನ ಬಾಕಿಯನ್ನು ಯಾರ ಹೆಸರಿಗೂ ಬರೆಯಲಿಲ್ಲ. ಕೇಳಲು ಬಾರದ ಸಾಲಗಾರನ ಸಾಲ ಸಾಲವೇ ಅಲ್ಲವೆಂದು ತಿಳಿಯುವ ವ್ಯಾಪಾರಿಯನ್ನು ಪೇಟೆಯಲ್ಲಿ ಏನೆನ್ನುತ್ತಾರೆಂದು ಓದುಗರಿಗೆ ಗೊತ್ತು.

ಆ ದ್ವೀಪದವರ ಜೀವನೋಪಾಯವೇ ಇದಲ್ಲವೇ ಎಂಬ ಆಕ್ಷೇಪ ಗಂಭೀರವಾದುದು. ನಾವಿಕರು ಸೌಜನ್ಯಶೀಲರು; ಹವಳದ ಮೇಲೆ ಲಂಗರು ಹಾಕದೆ, ಸಮುದ್ರದ ತಳದಲ್ಲಿ ನೆಟ್ಟ ಗೂಟಕ್ಕೇ ದೋಣಿ ಕಟ್ಟಿದರು. ಅದನ್ನು ಮೆಚ್ಚುತ್ತೇನೆ. ಆದರೆ 2025ರ ಏಪ್ರಿಲ್‌ನಲ್ಲಿ, ದೊಡ್ಡ ಹಡಗುಗಳಿಗೆ ಧಕ್ಕೆ ಕಟ್ಟಬೇಕೇ ಎಂದು ಆ ದ್ವೀಪಗಳ ಮತದಾರರನ್ನೇ ಕೇಳಿದಾಗ ಅವರು ಬೇಡವೆಂದರು. ಕಾರಣಗಳು ಹಲವಿರಬಹುದು. ಅವರ ಹೊಟ್ಟೆಪಾಡಿನ ಹೆಸರಿನಲ್ಲಿ ನಮ್ಮ ವಿನೋದವನ್ನು ಸಮರ್ಥಿಸಿಕೊಳ್ಳುವ ಮೊದಲು ಅವರ ಮತವನ್ನೂ ತಿಳಿದಿರುವುದು ಒಳ್ಳೆಯದು. ಸಮುದ್ರವನ್ನು ನೋಡಲೇಬಾರದೆಂದು ನಾನು ಹೇಳುತ್ತಿಲ್ಲ. ಈಜು ಬಲ್ಲವರು ನಾಲ್ಕೇ ಜನ, ಮುಟ್ಟದೆ, ಉಣಿಸದೆ, ಸದ್ದಿಲ್ಲದೆ ತೇಲಿ ನೋಡಿ ಬರಬಹುದು. ಅದಕ್ಕೆ ಪಾರ್ಟಿ ಎಂಬ ಹೆಸರು ಒಪ್ಪದು.

ನಾನು ಹೇಳುವುದನ್ನು ಕೇಳಿ ಆಪ್ತರೊಬ್ಬರು, "ನಿಮ್ಮ ಅಂಗಡಿಯಲ್ಲಿ ಹವಳದ ಉಂಗುರ ಮಾರುವುದಿಲ್ಲವೇ?" ಎಂದರು. ಮಾರುತ್ತೇನೆ, ಮೂವತ್ತೈದು ವರ್ಷಗಳಿಂದ. ಕುಜದೋಷಕ್ಕೆಂದು ಕೇಳಿ ಬಂದವರಿಗೆ ಒಳ್ಳೆಯ ಕೆಂಪು ಹವಳವನ್ನು ಆರಿಸಿ ಕೊಟ್ಟಿದ್ದೇನೆ. ಅದು ಮೆಡಿಟರೇನಿಯನ್ ಸಮುದ್ರದ ತಳದಿಂದ ಕಿತ್ತು, ಇಟಲಿಯಲ್ಲಿ ಕೆತ್ತಿ ಬರುವ ಜೀವದ ಮೂಳೆಯೆಂಬುದು ತಿಳಿಯದ ವಿಷಯವೇನಲ್ಲ. ತಿಳಿದೂ ಕೇಳಿಕೊಳ್ಳಲಿಲ್ಲ. ಹಿಂದಿರುಗಿದ ಮೇಲೆ ಆ ಟ್ರೇಯನ್ನು ಗಾಜಿನ ಕಪಾಟಿನಿಂದ ತೆಗೆದು ಒಳಗಿಟ್ಟಿದ್ದೇನೆ. ಮಾರಾಟವಿಲ್ಲದ ದಾಸ್ತಾನನ್ನು ಯಾವ ಬಾಬಿಗೆ ಬರೆಯಬೇಕೆಂದು ಲೆಕ್ಕದವರು ಎರಡು ಬಾರಿ ಕೇಳಿದ್ದಾರೆ.

ಬಸದಿಯ ಟ್ರಸ್ಟಿನ ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಕರಪತ್ರವನ್ನು ಕಿತ್ತುಹಾಕಿರೆಂದಲ್ಲ, ಆ ಒಂದು ಸಾಲನ್ನು ತೆಗೆಸಿ, ಇಲ್ಲವೇ ಜೈನ ಎಂಬ ಪದವನ್ನು ತೆಗೆಸಿ ಎಂದು ಕೇಳಿದ್ದೇನೆ. ವಿಷಯವನ್ನು ಅಷ್ಟಾಹ್ನಿಕದ ನಂತರದ ಸಭೆಯಲ್ಲಿ ಇಡುವುದಾಗಿ ಉತ್ತರ ಬಂದಿದೆ. ಆ ದಿನ ಹವಳದ ದಾಸ್ತಾನಿನ ಪಟ್ಟಿಯನ್ನೂ ಜೊತೆಗೆ ಒಯ್ಯುವವನಿದ್ದೇನೆ, ಯಾರಾದರೂ ಕೇಳುವ ಮೊದಲೇ ಮೇಜಿನ ಮೇಲಿಡಲು.