ಚಪ್ಪಲಿ ಕಡಲು ದಾಟಿತು, ಹೊಲಿದವನು ದಾಟಲಿಲ್ಲ



ಊರ ಗೌಡನ ಮನೆ ಮುಂದೆ ಹಾಯುವಾಗ ಕಾಲಿನ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದವರು ನಮ್ಮ ಅಜ್ಜಂದಿರು. ಆ ಗೌಡನ ಚಪ್ಪಲಿ ಹೊಲಿದವರೂ ಅವರೇ. ಹೊಲಿಯುವ ಕೈ ಬೇಕು, ಮೆಟ್ಟುವ ಕಾಲು ಬೇಡ. ಇದು ಹಳ್ಳಿಯ ಕಾನೂನಾಗಿತ್ತು. ಈಗ ಅದೇ ಚಪ್ಪಲಿ ಇಟಲಿ ದೇಶಕ್ಕೆ ಹೊರಟಿದೆ. ಕಾನೂನು ಬದಲಾಯಿತೇ ನೋಡೋಣ.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಗಂಡಸರ ಉಡುಪಿನ ಪ್ರದರ್ಶನ ನಡೆಸಿತು. ಅಲ್ಲಿ ನಡೆದವರ ಕಾಲಲ್ಲಿ ಇದ್ದದ್ದು ಥೇಟ್ ನಮ್ಮ ಕೊಲ್ಹಾಪುರಿ. ಕಂಪನಿ ಕೊಟ್ಟ ಹೆಸರು ಮಾತ್ರ ಬರೀ ‘ಚರ್ಮದ ಸ್ಯಾಂಡಲ್’. ಗಲಾಟೆ ಎದ್ದ ಮೇಲೆ, ಹೌದು, ಭಾರತದ ಕೈಕಸುಬು ನೋಡಿ ಮಾಡಿದ್ದು ಅಂತ ಒಪ್ಪಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದ ಆಯಿತು. ಇಲ್ಲೇ 2,000 ಜೊತೆ ಹೊಲಿಸಿ ಮಾರುವುದು. ಒಂದು ಜೊತೆಗೆ ಸುಮಾರು 800 ಯೂರೋ. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿಗೂ ಮೇಲೆ.

ಪತ್ರಿಕೆಗಳಿಗೆ ಹಬ್ಬವೋ ಹಬ್ಬ. ನಮ್ಮ ಪರಂಪರೆಗೆ ಜಗತ್ತಿನ ಮನ್ನಣೆ ಅಂತ ಬರೆದವು. ಯಾರ ಪರಂಪರೆ ಸ್ವಾಮಿ? ತೊಗಲು ಹದ ಮಾಡುವಾಗ ನಮ್ಮ ಕೇರಿ ನಾರುತ್ತದೆ ಅಂತ ಮೂಗು ಮುಚ್ಚಿಕೊಂಡವರು, ಯೂರೋ ವಾಸನೆ ಬಂದ ಕೂಡಲೇ ‘ನಮ್ಮ’ ಅನ್ನುತ್ತಾರೆ! ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟಿದ್ದಕ್ಕೆ ಹನ್ನೆರಡನೇ ಶತಮಾನದಲ್ಲಿ ಕಲ್ಯಾಣವೇ ಹೊತ್ತಿ ಉರಿಯಿತು. ಆಗ ಎಲ್ಲಿ ಹೋಗಿತ್ತು ಈ ‘ನಮ್ಮ’?

ಇರಲಿ, ಸಿಟ್ಟು ಪಕ್ಕಕ್ಕಿಟ್ಟು ಲೆಕ್ಕ ನೋಡೋಣ. ವ್ಯಾಪಾರದಲ್ಲಿ ಲೆಕ್ಕ ಗೊತ್ತಿಲ್ಲದವನೇ ಅಸ್ಪೃಶ್ಯ.

ಮೊದಲು ಹೆಸರಿನ ಲೆಕ್ಕ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿ.ಐ. ಟ್ಯಾಗ್ ಸಿಕ್ಕಿತು. ನಮ್ಮ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿಯ ನಮ್ಮ ಮನೆಗಳ ದುಡಿಮೆ ಅದರಲ್ಲಿದೆ. ಆದರೆ ಈ ಹೆಸರಿನ ಒಡೆಯರು ಅಂತ ನೋಂದಾಯಿಸಿಕೊಂಡವರು ಹೊಲಿಯುವವರಲ್ಲ, ಆ ಎರಡು ನಿಗಮಗಳು. 2025ರ ಜುಲೈನಲ್ಲಿ ಕೆಲವು ವಕೀಲರು ಕಂಪನಿ ಮೇಲೆ ಬಾಂಬೆ ಹೈಕೋರ್ಟಿಗೆ ಹೋದಾಗ ಕೋರ್ಟು ಕೇಳಿದ್ದೂ ಇದನ್ನೇ. ಒಡೆಯರು ನೀವಲ್ಲ, ನಿಮಗೇನು ಹಕ್ಕು ಅಂತ ಅರ್ಜಿ ವಜಾ ಮಾಡಿತು.

ಇನ್ನೊಂದು ಮಾತು. ಇಲ್ಲಿನ ಜಿ.ಐ. ಇಲ್ಲಿಗೆ ಮಾತ್ರ. ಮಿಲಾನಿನಲ್ಲಿ ಅದು ನಡೆಯಬೇಕಾದರೆ ಅಲ್ಲಿಯ ಕಾನೂನಿನಲ್ಲಿ ಬೇರೆಯಾಗಿ ನೋಂದಾಯಿಸಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ 1995ರಿಂದ ಜಾರಿಯಲ್ಲಿದೆ. ಅದರಲ್ಲಿ ದ್ರಾಕ್ಷಾರಸಕ್ಕೂ ಮದ್ಯಕ್ಕೂ ಹೆಚ್ಚಿನ ರಕ್ಷಣೆ, ಉಳಿದ ಸರಕಿಗೆ ಕಡಿಮೆ. ಫ್ರಾನ್ಸಿನ ಶಾಂಪೇನಿಗೆ ಒಂದು ನ್ಯಾಯ, ಅಥಣಿಯ ಚಪ್ಪಲಿಗೆ ಇನ್ನೊಂದು. ವರ್ಣಾಶ್ರಮ ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡಿದ್ದಿರಾ? ಹಾಗಂತ ದಾರಿಯೇ ಇಲ್ಲ ಅಂತಲ್ಲ. ಡಾರ್ಜಿಲಿಂಗ್ ಚಹಾ 2011ರಲ್ಲೇ ಯೂರೋಪಿನಲ್ಲಿ ತನ್ನ ಹೆಸರು ನೋಂದಾಯಿಸಿಕೊಂಡಿತು. ಕೈಕಸುಬಿನ ಸರಕಿಗೂ ಯೂರೋಪಿಯನ್ ಒಕ್ಕೂಟ 2023ರಲ್ಲಿ ಕಾಯ್ದೆ ಮಾಡಿ, 2025ರ ಡಿಸೆಂಬರ್ 1ರಿಂದ ಜಾರಿಗೆ ತಂದಿದೆ. ಹೊರದೇಶದವರೂ ಅರ್ಜಿ ಹಾಕಬಹುದು. ಬಾಗಿಲು ತೆರೆದಿದೆ, ಹೋಗಿ ತಟ್ಟಬೇಕಾದವರು ನಿಗಮದವರು.

ಇನ್ನು ಸರಕಿನ ಲೆಕ್ಕ. ಲೋಕದ ಎಲ್ಲ ಸುಂಕದ ಕಟ್ಟೆಗಳಲ್ಲೂ ಒಂದು ಅಂಕಿಪಟ್ಟಿ ಇದೆ. ಅದರಲ್ಲಿ 6403.20 ಅಂತ ಒಂದು ಅಂಕಿ. ಏನದು ಗೊತ್ತೇ? ಚರ್ಮದ ಅಟ್ಟೆ, ಪಾದದ ಮೇಲೆ ಚರ್ಮದ ಪಟ್ಟಿ, ಹೆಬ್ಬೆರಳ ಸುತ್ತ ಪಟ್ಟಿ ಇರುವ ಪಾದರಕ್ಷೆ. ನಮ್ಮ ಚಪ್ಪಲಿಗೇ ಒಂದು ಅಂಕಿ! ಇಟಲಿಯ ಸುಂಕದವನಿಗೂ ಚಪ್ಪಲಿಯ ಗುರುತು ಇದೆ. ಹೊಲಿದವನ ಗುರುತು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಯಾಕಿಲ್ಲ? ರಂಪಿಗೆ, ಉಳಿ ಹಿಡಿದವನು ನಮ್ಮವನು. ಪಟ್ಟಿ ಹೆಣೆಯುವವಳು ಅವನ ಹೆಂಡತಿ. ಆ ಕೆಲಸಕ್ಕೆ ಕೂಲಿ ಪುಸ್ತಕದಲ್ಲಿ ಹೆಸರೂ ಇರೋದಿಲ್ಲ. ಆದರೆ ಮುಂಗಡ ಕೊಟ್ಟು ಮಾಲು ಕಟ್ಟಿಕೊಂಡು ಹೋಗುವ ದಲ್ಲಾಳಿ ಬೇರೆ, ರಫ್ತಿನ ಲೈಸೆನ್ಸು ಇರುವ ಸಾಹುಕಾರ ಬೇರೆ, ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರಿಗೆ ಕಾಗದ ಮಾಡುವ ಏಜೆಂಟ ಬೇರೆ, ಮಿಲಾನಿನ ಅಂಗಡಿಯವನು ಬೇರೆ. ಹೊರದೇಶದ ಹಣ ಬರೋದಕ್ಕೆ ಎರಡು ಮೂರು ತಿಂಗಳು. ಅಲ್ಲೀತನಕ ತಾಳಿಕೊಳ್ಳೋದಕ್ಕೆ ಸಾಹುಕಾರನಿಗೆ ಬ್ಯಾಂಕ್ ಸಾಲ ಇದೆ, ನಮಗೆ ಶನಿವಾರದ ಸಂತೆಯ ಖರ್ಚು ಇದೆ. ಇಷ್ಟೇ ವ್ಯತ್ಯಾಸ. ಈ ವ್ಯತ್ಯಾಸದ ಹೆಸರೇ ಬಂಡವಾಳ.

ರೂಪಾಯಿ ಬೆಲೆ ಕುಸಿದರೆ ರಫ್ತಿಗೆ ಲಾಭ ಅಂತಾರೆ. ಯಾರಿಗೆ? ಬಾಬಾಸಾಹೇಬರು 1923ರಲ್ಲೇ ರೂಪಾಯಿ ಸಮಸ್ಯೆಯ ಬಗ್ಗೆ ಪುಸ್ತಕ ಬರೆದು ಈ ಗುಟ್ಟು ಬಿಚ್ಚಿಟ್ಟರು. ನಾಣ್ಯ ಅಗ್ಗವಾದಾಗ ಸಾಮಾನಿನ ಬೆಲೆ ಏರುತ್ತದೆ, ಕೂಲಿ ಅದರ ಹಿಂದೆ ಕುಂಟುತ್ತದೆ. ರಫ್ತುದಾರನ ಲಾಭ ಕೂಲಿಯವನ ಜೇಬಿನಿಂದ ಬಂದದ್ದು ಅಂತ ತೋರಿಸಿದರು. ನೂರು ವರ್ಷ ದಾಟಿದರೂ ಆ ಮಾತು ಹಳತಾಗಿಲ್ಲ.

ತೊಗಲಿನ ಕಥೆ ಇನ್ನೊಂದು. 2021ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಗೋಹತ್ಯೆ ಕಾಯ್ದೆ 13 ವರ್ಷದೊಳಗಿನ ಎಮ್ಮೆ ಕೋಣಗಳನ್ನೂ ಸೇರಿಸಿಕೊಂಡಿತು. ಕೊಲ್ಹಾಪುರಿಯ ಅಟ್ಟೆಗೆ ಬೇಕಾದದ್ದು ಎಮ್ಮೆ ತೊಗಲೇ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ತೊಗಲು ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಹೇಗೆ ಹೊಡೆದರು, ಮರೆತಿಲ್ಲ. ತೊಗಲು ಮುಟ್ಟಿದರೆ ಹೊಡೆತ, ಅದೇ ತೊಗಲು ಚಪ್ಪಲಿಯಾಗಿ ಹಡಗು ಹತ್ತಿದರೆ ದೇಶದ ಹೆಮ್ಮೆ!

ನಮ್ಮ ಗೆಳೆಯರೇ ಕೆಲವರು ಕೇಳ್ತಾರೆ: ಈ ಜಾತಿ ಕಸುಬು ಬಿಡಿ ಅಂತ ಬಾಬಾಸಾಹೇಬರೇ ಹೇಳಲಿಲ್ಲವೇ, ಮತ್ಯಾಕೆ ಚಪ್ಪಲಿ ಮಾತು? ಸತ್ತ ದನ ಎಳೆಯೋದು ಬಿಡಿ ಅಂದರು, ನಿಜ. ನಮ್ಮ ಮಕ್ಕಳು ಉಳಿ ಹಿಡಿಯಲೇಬೇಕು ಅಂತ ಯಾರೂ ಹೇಳುತ್ತಿಲ್ಲ. ಆದರೆ ಕಸುಬು ಬಿಡೋದು ಬೇರೆ, ಲಾಭ ಬರುವ ಹೊತ್ತಿಗೆ ಅದನ್ನು ಇನ್ನೊಬ್ಬರಿಗೆ ಒಪ್ಪಿಸೋದು ಬೇರೆ. ದುಡ್ಡು ಬಂದ ಚರ್ಮದ ಕಾರ್ಖಾನೆಗಳ ಮಾಲೀಕರಲ್ಲಿ ನಮ್ಮವರು ಎಷ್ಟು ಜನ? ಅಲ್ಲಿಯ ಸುಣ್ಣದ ಗುಂಡಿಗೆ ಇಳಿಯುವವರಲ್ಲಿ ಎಷ್ಟು ಜನ?

ಆದ್ದರಿಂದ ನಾವು ಕೇಳಬೇಕಾದದ್ದು ಸನ್ಮಾನದ ಶಾಲು ಅಲ್ಲ. ಕೇಳಬೇಕಾದದ್ದು ಇದು:

ಒಂದು, ಒಂದು ಜೊತೆಗೆ ಹೊಲಿದವರಿಗೆ ಎಷ್ಟು, ಹೆಣೆದವಳಿಗೆ ಎಷ್ಟು ಅಂತ ನಿಗಮದವರು ಬೋರ್ಡಿನ ಮೇಲೆ ಬರೆದು ಹಾಕಲಿ.

ಎರಡು, ರಫ್ತು ಮಾಡೋದಕ್ಕೆ ಬೇಕಾದ ಐ.ಇ.ಸಿ. ನಂಬರಿಗೆ ಸರ್ಕಾರದ ಶುಲ್ಕ ಬರೀ 500 ರೂಪಾಯಿ. ಅದು ಕುಶಲಕರ್ಮಿಗಳ ಸಹಕಾರ ಸಂಘದ ಹೆಸರಲ್ಲೇ ಇರಲಿ. ಸಣ್ಣ ಪಾರ್ಸಲ್ಲುಗಳನ್ನು ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದಿಂದಲೇ ಕಳಿಸಬಹುದು. ಅದನ್ನು ನಮ್ಮ ಹುಡುಗ ಹುಡುಗಿಯರಿಗೆ ಕಲಿಸಲಿ.

ಮೂರು, ಯೂರೋಪಿನಲ್ಲಿ ಚರ್ಮದ ಸರಕಿನೊಳಗಿನ ವಿಷದ ಕ್ರೋಮಿಯಂ ಕಿಲೋಗೆ 3 ಮಿಲಿಗ್ರಾಂ ಮೀರಬಾರದು. ಜಾಲಿ ತೊಗಟೆ, ಅಣಲೆಕಾಯಿಯಲ್ಲಿ ಹದ ಮಾಡುವಾಗ ಕ್ರೋಮಿಯಂ ಹಾಕೋದೇ ಇಲ್ಲ. ಇದು ನಮ್ಮ ಬಲ. ಅದಕ್ಕೆ ಪರೀಕ್ಷೆಯ ಖರ್ಚು, ಹಣ ಬರುವ ತನಕದ ಸಾಲ, ಎರಡನ್ನೂ ಲಿಡ್ಕರ್ ಹೊರಲಿ. ತೊಗಲು ಸಾಗಿಸುವವರಿಗೆ ಸರ್ಕಾರ ರಕ್ಷಣೆ ಕೊಡಲಿ.

ನಾಲ್ಕು, ಯೂರೋಪಿನಲ್ಲಿ ಹೆಸರು ನೋಂದಾಯಿಸಲಿ. ಆ ಅರ್ಜಿಯಲ್ಲಿ ಹೊಲಿಯುವವರ ಸಂಘದ ರುಜುವೂ ಬೀಳಲಿ.

1976ರಲ್ಲಿ ಹುಟ್ಟಿದ ನಿಗಮಕ್ಕೆ ಬಾಬು ಜಗಜೀವನ ರಾಂ ಹೆಸರಿಟ್ಟಿದ್ದಾರೆ. ಬೋರ್ಡಿನ ಮೇಲೆ ಹೆಸರು ನಮ್ಮವರದ್ದು ಇದ್ದರೆ ಸಾಲದು, ಲೆಕ್ಕದ ಪುಸ್ತಕದಲ್ಲೂ ಇರಬೇಕು. ಚಪ್ಪಲಿ ಕಂಕುಳಲ್ಲಿ ಇಟ್ಟುಕೊಂಡು ನಡೆದ ಅಜ್ಜನ ಮೊಮ್ಮಕ್ಕಳು ನಾವು. ಇನ್ನು ಮೇಲೆ ಚಪ್ಪಲಿ ಕಾಲಲ್ಲಿ ಇರಲಿ, ರಫ್ತಿನ ಕಾಗದ ಕೈಯಲ್ಲಿ ಇರಲಿ.

ಜೈ ಭೀಮ್.